ಮುಳ್ಳು ಹೇಳುವ ಮಾತು

ಗಾಳಿಯನ್ನು ನಂಬಿ ಸಾಗುವ ಹಾಯಿದೋಣಿಗೆ ಎಂಜಿನ್ ಯಾಕೆ? ಮುಂಬೈ ಬಂದರಿನಲ್ಲಿ ಗೆಳೆಯನ ಹಳೆಯ ದೋಣಿ ಹತ್ತುವವರೆಗೆ ನನಗೂ ಈ ಪ್ರಶ್ನೆ ಇತ್ತು. ಒಂದು ಸಂಜೆ ಗಾಳಿ ಬಿದ್ದುಹೋಯಿತು. ನಾವಿದ್ದದ್ದು ಪ್ರಯಾಣಿಕರ ಲಾಂಚುಗಳು ಓಡಾಡುವ ದಾರಿಯ ನಡುವೆ. ಡೀಸೆಲ್ ಎಂಜಿನ್ ಹತ್ತು ನಿಮಿಷ ಓಡಿ, ಕರ್ಕಶವಾಗಿ ಕಿರುಚಿ ನಿಂತೇಬಿಟ್ಟಿತು. ಆಯಿಲ್ ಸೋರಿಹೋಗಿತ್ತು. ಲಾಂಚಿನವರೊಬ್ಬರು ಹಗ್ಗ ಎಸೆದು ಎಳೆದು ತಂದದ್ದರಿಂದ ದಡ ಸೇರಿದೆವು.

ತಪ್ಪು ನನ್ನದು. ಹೊರಡುವ ಮೊದಲು ಫಲಕ ನೋಡಿ "ಕೆಂಪು ದೀಪ ಇಲ್ಲ ಕಣೋ, ಎಲ್ಲ ಸರಿಯಿದೆ" ಅಂದವನು ನಾನೇ. ಕೀಲಿ ತಿರುಗಿಸಿದಾಗ ಆ ದೀಪ ಒಮ್ಮೆ ಹೊತ್ತಬೇಕು, ಎಂಜಿನ್ ಓಡತೊಡಗಿದ ಮೇಲೆ ಆರಬೇಕು. ಅದು ಹೊತ್ತಲೇ ಇಲ್ಲವೆಂಬುದನ್ನು ನಾನು ಗಮನಿಸಲಿಲ್ಲ. ಬಲ್ಬು ಯಾವಾಗಲೋ ಸುಟ್ಟುಹೋಗಿತ್ತು.

ಆ ಮಳೆಗಾಲದಲ್ಲಿ ದೋಣಿ ದಡದಲ್ಲಿದ್ದಾಗ ಹೊಸ ಫಲಕ ಮಾಡಿಕೊಡುತ್ತೇನೆಂದು ಒಪ್ಪಿಕೊಂಡೆ. ಸಾಗುವಾನಿ ಹಲಗೆಯಲ್ಲಿ 52 ಮಿಲಿಮೀಟರಿನ ತೂತುಗಳನ್ನು ಕೊರೆಯುತ್ತ, ಈ ಮೀಟರುಗಳು ಎಲ್ಲಿಂದ ಬಂದವು ಎಂದು ಹುಡುಕತೊಡಗಿದೆ.

ಹಾಯಿ ಮತ್ತು ಎಂಜಿನ್ನಿನ ನಂಟು ಹಳೆಯದು. 1819ರಲ್ಲಿ ಅಮೆರಿಕದಿಂದ ಲಿವರ್‌ಪೂಲಿಗೆ ಅಟ್ಲಾಂಟಿಕ್ ದಾಟಿದ 'ಸವಾನಾ' ಹಡಗಿನಲ್ಲಿ ಉಗಿಯಂತ್ರವಿತ್ತು. ಆದರೆ ಪಯಣದ ಬಹುಭಾಗ ಅದು ಸಾಗಿದ್ದು ಹಾಯಿಯಿಂದಲೇ. ಬೇಡವಾದಾಗ ಅದರ ಚಕ್ರಗಳನ್ನು ಮಡಚಿ ಮೇಲೆತ್ತಿಡಬಹುದಿತ್ತು.

ಆಗಿನ ದೊಡ್ಡ ತೊಡಕೆಂದರೆ ಒಳಗಿನ ಒತ್ತಡ ಎಷ್ಟಿದೆಯೆಂದು ತಿಳಿಯುವುದು. ಪಾದರಸದ ಕೊಳವೆಯಿಂದ ಅಳೆಯಬಹುದಿತ್ತು ನಿಜ. ಆದರೆ ಒಂದು ವಾಯುಮಂಡಲದ ಒತ್ತಡಕ್ಕೆ ಪಾದರಸ 760 ಮಿಲಿಮೀಟರ್ ಏರುತ್ತದೆ. ಏಳು ಪಟ್ಟು ಒತ್ತಡಕ್ಕೆ ಐದು ಮೀಟರಿಗೂ ಎತ್ತರದ ಕೊಳವೆ ಬೇಕು. ತೂಗಾಡುವ ಹಡಗಿನಲ್ಲಿ ಅಂಥದ್ದನ್ನು ಎಲ್ಲಿ ನಿಲ್ಲಿಸುವುದು?

ಉತ್ತರ ಸಿಕ್ಕಿದ್ದು ಒಂದು ಕೆಟ್ಟ ಕೆಲಸದಿಂದ. ಪ್ಯಾರಿಸ್ಸಿನ ಯುಜೀನ್ ಬೂರ್ದೋಂ ಗಡಿಯಾರ ಮತ್ತು ಯಂತ್ರ ಮಾಡುವ ಕಸುಬುದಾರ. ಸುರುಳಿಯಾಗಿ ಬಾಗಿಸುವಾಗ ಚಪ್ಪಟೆಯಾಗಿಬಿಟ್ಟ ಕೊಳವೆಯೊಂದನ್ನು ಸರಿಪಡಿಸಲು ಅದರೊಳಗೆ ಒತ್ತಡ ಹಾಕಿಸಿದ. ಕೊಳವೆ ದುಂಡಗಾಗುತ್ತ ಸುರುಳಿ ಬಿಚ್ಚತೊಡಗಿತು. ಜಾತ್ರೆಯಲ್ಲಿ ಮಕ್ಕಳು ಊದುವ ಕಾಗದದ ಪೀಪಿ ಬಿಚ್ಚಿಕೊಳ್ಳುತ್ತದಲ್ಲ, ಹೆಚ್ಚುಕಡಿಮೆ ಹಾಗೆ. ಕೊಳವೆಯ ತುದಿಗೆ ಹಲ್ಲಿನ ಚಕ್ರ, ಚಕ್ರಕ್ಕೆ ಮುಳ್ಳು ಜೋಡಿಸಿದರೆ ಒತ್ತಡ ಕಣ್ಣಿಗೆ ಕಾಣುತ್ತದೆ. 1849ರಲ್ಲಿ ಅವನು ಇದಕ್ಕೆ ಪೇಟೆಂಟ್ ಪಡೆದ. ಅಂಗೈಯಗಲದ ಡಬ್ಬಿಯೊಂದು ಐದು ಮೀಟರಿನ ಕೊಳವೆಯ ಕೆಲಸ ಮಾಡತೊಡಗಿತು.

ಇಂದು ಹೆಚ್ಚಿನ ದೋಣಿಗಳಲ್ಲಿ ವಿದ್ಯುತ್ ಮೀಟರುಗಳಿವೆ. ಎಂಜಿನ್ನಿಗೆ ಕೂರಿಸಿದ ಸೆನ್ಸರಿನಿಂದ ಫಲಕಕ್ಕೆ ಬರುವುದು ತಂತಿ ಮಾತ್ರ. ಉಷ್ಣತೆಗೂ ಎಂಜಿನ್ ವೇಗಕ್ಕೂ ಅವನ್ನೇ ಹಾಕಿದೆ. ಆಯಿಲ್ ಒತ್ತಡಕ್ಕೆ ಮಾತ್ರ ಬೂರ್ದೋಂ ಕೊಳವೆಯ ಹಳೆಯ ಬಗೆಯದನ್ನೇ ಆರಿಸಿದೆ. ಅದರ ತೆಳು ಕೊಳವೆ ಒಡೆದರೆ ಬಿಸಿ ಆಯಿಲ್ ಒಳಗೆ ಚಿಮ್ಮಬಹುದು. ಆ ಅಪಾಯವನ್ನು ಗೆಳೆಯನಿಗೆ ಹೇಳಿಯೇ ಹಾಕಿದೆ. ಆದರೆ ಬ್ಯಾಟರಿ ಸತ್ತರೂ, ಉಪ್ಪುಗಾಳಿಗೆ ತಂತಿ ಕೊರೆದುಹೋದರೂ ಅದು ಕೆಲಸ ಮಾಡುತ್ತದೆ.

ದೀಪ ಬಾಯಿಬಿಡುವುದು ಆಪತ್ತು ಬಂದಾಗ ಮಾತ್ರ. ಅದರ ಮೌನಕ್ಕೆ ಎರಡು ಅರ್ಥ: ಎಲ್ಲ ಸರಿಯಿದೆ, ಇಲ್ಲವೇ ಎಚ್ಚರಿಸಬೇಕಾದದ್ದೇ ಸತ್ತಿದೆ. ಮುಳ್ಳು ಹಾಗಲ್ಲ. ಎಂಜಿನ್ ಓಡುವಾಗ ಅದು ಸೊನ್ನೆಯಲ್ಲಿ ಕೂತರೆ, ಕೆಟ್ಟದ್ದು ಎಂಜಿನ್ನೋ ಮೀಟರೋ, ಏನೋ ಸರಿಯಿಲ್ಲವೆಂದು ಗೊತ್ತಾಗುತ್ತದೆ.

ಮಳೆ ನಿಂತ ಮೇಲೆ ದುರಸ್ತಿಯಾದ ಎಂಜಿನ್ ಶುರುಮಾಡಿದೆವು. ಮುಳ್ಳು ನಡುಗಿ, ಮೇಲೇರಿ, ಮೂರು ಬಾರ್ ಹತ್ತಿರ ನಿಂತಿತು. "ಸರಿಯಿದೆಯೇನೋ?" ಎಂದು ಗೆಳೆಯ ಕೇಳಿದ. ಈ ಸಲ ನಾನು ಉತ್ತರಿಸಲಿಲ್ಲ. ಪಕ್ಕಕ್ಕೆ ಸರಿದು, ಅವನೇ ನೋಡಲಿ ಎಂದು ಜಾಗ ಬಿಟ್ಟೆ.