ಲಾರಿ ಹೊಗೆಯಲ್ಲಿ ಸಿಕ್ಕ ಮೈಲೇಜ್

ಸೈಲೆನ್ಸರ್ ಒಳಗಿನದೆಲ್ಲ ತೆಗೆಸಿದ್ರೆ ಲಾರಿ ಮೈಲೇಜ್ ಏರುತ್ತೆ ಅನ್ನೋ ಮಾತನ್ನ ಹೈವೇ ಢಾಬಾಗಳಲ್ಲಿ ನೀವೂ ಕೇಳಿರ್ತೀರಿ. ನಾನು ಓದಿದ ಇತಿಹಾಸ ಬೇರೆ ಹೇಳುತ್ತೆ.

1905ರಲ್ಲಿ ಸ್ವಿಸ್ ಇಂಜಿನಿಯರ್ ಆಲ್ಫ್ರೆಡ್ ಬ್ಯೂಖಿ ಒಂದು ಪೇಟೆಂಟ್ ಪಡೆದರು. ಹೊಗೆಯ ಜೊತೆ ದಂಡವಾಗೋ ಶಕ್ತಿಯಿಂದಲೇ ಟರ್ಬೈನ್ ತಿರುಗಿಸಿ, ಇಂಜಿನ್‌ಗೆ ಹೆಚ್ಚು ಗಾಳಿ ತುಂಬೋ ಉಪಾಯ ಅದು. ಟರ್ಬೋ ಹುಟ್ಟಿದ್ದು ಹೀಗೆ. 1938ರಲ್ಲಿ ಸ್ವಿಸ್ ಕಂಪನಿ ಸೌರರ್ ಅದನ್ನು ಲಾರಿ ಇಂಜಿನ್‌ಗೆ ತಂದಿತು. ಆದರೆ ಲಾರಿಗಳಲ್ಲಿ ಅದು ವ್ಯಾಪಕವಾಗಿ ಹರಡಿದ್ದು 1973ರ ತೈಲ ಬಿಕ್ಕಟ್ಟಿನ ನಂತರ, ಡೀಸೆಲ್ ಖರ್ಚು ಮಾಲೀಕರ ಜೇಬು ಸುಟ್ಟಾಗ.

ಅಂದ್ರೆ, ದೊಡ್ಡ ಉಳಿತಾಯ ಬಂದಿದ್ದು ಹೊಗೆಯ ದಾರಿಯಲ್ಲಿ ಒಂದು ಚಕ್ರ ಇಟ್ಟಿದ್ದರಿಂದ. ಇವತ್ತು ಬಿಎಸ್-6 ಲಾರಿಯ ಫಿಲ್ಟರ್ ಕಿತ್ತುಹಾಕಿಸಿದರೆ ಒತ್ತಡ ತುಸು ಇಳಿಯಬಹುದು. ಆದರೆ ಆ ಮಸಿಯನ್ನು ಉಸಿರಾಡೋದು ಹಿಂದೆ ಸ್ಕೂಟರಲ್ಲಿ ಬರೋ ನಾವು, ನೀವು.