ಆಕಾಶವಾಣಿಯಿಂದ ಪಾಡ್‌ಕಾಸ್ಟಿನವರೆಗೆ

ದೂರದ ದನಿಯನ್ನು ಮನೆಯಲ್ಲಿ ಕುಳಿತು ಕೇಳುವ ಕಥೆಯಲ್ಲಿ ಹೈದರಾಬಾದಿನ ಕನ್ನಡಿಗರಾದ ನಾವು ಮರೆಯಬಾರದ ವರ್ಷ 1935. ಆ ಫೆಬ್ರವರಿಯಲ್ಲಿ ಈ ನಗರದಲ್ಲಿ ಡೆಕ್ಕನ್ ರೇಡಿಯೋ 200 ವ್ಯಾಟ್ ಶಕ್ತಿಯಿಂದ ಪ್ರಸಾರವನ್ನು ಮೊದಲುಮಾಡಿತು. ಸೆಪ್ಟೆಂಬರಿನಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ಹೂಡಿದರು. ಅದಕ್ಕಿಟ್ಟ ‘ಆಕಾಶವಾಣಿ’ ಎಂಬ ಹೆಸರು 1957ರಲ್ಲಿ ಭಾರತದ ಬಾನುಲಿಗೆಲ್ಲ ಸಂದಿತು. ಇಲ್ಲಿಯ ಕೇಂದ್ರದಲ್ಲಿ ಉರ್ದುವಿನದೇ ಮೇಲುಗೈ. 1950ರ ಏಪ್ರಿಲ್ 1ರಂದು ಎರಡೂ ಕೇಂದ್ರಗಳು ಭಾರತ ಸರ್ಕಾರದ ವಶವಾದವು. 1956ರ ನವೆಂಬರ್ 1ರಂದು ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು ಹೊಸ ಮೈಸೂರು ರಾಜ್ಯವನ್ನು ಸೇರಿದವು. ಹೈದರಾಬಾದು ಆಂಧ್ರಪ್ರದೇಶದ ರಾಜಧಾನಿಯಾಯಿತು. ಇಲ್ಲಿ ನೆಲೆಸಿದ್ದ ನಮ್ಮ ಹಿರಿಯರು ಮನೆ ಬದಲಿಸದೆಯೇ ಹೊರನಾಡಿಗರಾದರು.

1950ರಲ್ಲಿ ಧಾರವಾಡದಲ್ಲಿಯೂ 1966ರಲ್ಲಿ ಕಲಬುರಗಿಯಲ್ಲಿಯೂ ಬಾನುಲಿ ಕೇಂದ್ರಗಳು ಹುಟ್ಟಿದವು. ಮಧ್ಯಮ ತರಂಗವು ರಾತ್ರಿಯ ಹೊತ್ತು ಹೆಚ್ಚು ದೂರ ಸಾಗುವುದರಿಂದ, ಕತ್ತಲಾದ ಮೇಲೆ ಮುಳ್ಳು ತಿರುಗಿಸಿ ಗೊರಗೊರ ಸದ್ದಿನ ನಡುವೆ ಕನ್ನಡವನ್ನು ಅರಸುವುದು ಹೊರನಾಡಿನವರ ಪಾಡಾಗಿತ್ತು. ಸಿಕ್ಕರೂ, ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ ನಾಟಕ ಮುಗಿದಿರುತ್ತಿತ್ತು!

ಈ ತೊಡಕನ್ನು ಬಿಡಿಸಿದ್ದು ಪಾಡ್‌ಕಾಸ್ಟ್. ಐಪಾಡ್, ಬ್ರಾಡ್‌ಕಾಸ್ಟ್ ಎಂಬೆರಡು ಮಾತುಗಳನ್ನು ಬೆಸೆದ ಈ ಹೆಸರನ್ನು 2004ರ ಫೆಬ್ರವರಿಯಲ್ಲಿ ಬೆನ್ ಹ್ಯಾಮರ್ಸ್‌ಲಿ ಎಂಬವರು ಇಂಗ್ಲೆಂಡಿನ ಗಾರ್ಡಿಯನ್ ಪತ್ರಿಕೆಯಲ್ಲಿ ಬಳಸಿದರು. ಮಾತನ್ನು ಮುದ್ರಿಸಿ ಅಂತರ್ಜಾಲದಲ್ಲಿರಿಸುತ್ತಾರೆ. ಬೇಕಾದಾಗ ಕೇಳಬಹುದು, ನಿಲ್ಲಿಸಬಹುದು, ಹಿಂದಕ್ಕೆ ಸರಿಸಿ ಮತ್ತೆ ಕೇಳಬಹುದು. ಒಮ್ಮೆ ಚಂದಾದಾರರಾದರೆ ಹೊಸ ಕಂತು ತಾನಾಗಿ ಬಂದು ಸೇರುತ್ತದೆ. ಬ್ಯಾಂಕಿನಲ್ಲಿ ಒಮ್ಮೆ ಬರೆದುಕೊಟ್ಟರೆ ತಿಂಗಳು ತಿಂಗಳೂ ಹಣ ಸಂದಾಯವಾಗುವ ಏರ್ಪಾಡಿನಂತೆಯೇ ಇದು. ನಮ್ಮ ಕಸುಬಿನ ಹೋಲಿಕೆಯನ್ನು ವಾಚಕರು ಮನ್ನಿಸಬೇಕು. ಕನ್ನಡದಲ್ಲಿ ‘ತಲೆ-ಹರಟೆ’ 2018ರಲ್ಲಿ ಮೊದಲಾಯಿತು. ಹೆಸರು ಹಾಗಿದ್ದರೂ ಅದರಲ್ಲಿ ಇತಿಹಾಸ, ವಿಜ್ಞಾನ, ರಾಜ್ಯಾಡಳಿತಗಳ ಚರ್ಚೆ ಧಾರಾಳವಾಗಿದೆ.

ನಮಗೆ ಇದರ ಪ್ರಯೋಜನ ಊರಿನವರಿಗಿಂತ ಹೆಚ್ಚು. ನಮ್ಮ ಮಕ್ಕಳು ಶಾಲೆಯಲ್ಲಿ ಕಲಿಯುವುದು ತೆಲುಗು, ಹಿಂದಿ, ಇಂಗ್ಲಿಷು. ಅಜ್ಜಿಯ ಮಾತು ಅವರಿಗೆ ತಿಳಿಯುತ್ತದೆ, ಅಜ್ಜಿಯ ಕಾಗದ ತಿಳಿಯದು. ಅಕ್ಷರ ಕಲಿಸುವ ಹೊಣೆ ಪಾಡ್‌ಕಾಸ್ಟಿನಿಂದ ತೀರದು, ನಿಜ. ಆದರೆ ಮನೆಯಲ್ಲಿ ‘ಊಟಕ್ಕೆ ಬಾ’, ‘ಬಾಗಿಲು ಹಾಕು’ ಎಂಬಷ್ಟಕ್ಕೇ ಕುಗ್ಗಿರುವ ಕನ್ನಡದಲ್ಲಿ ಗ್ರಹತಾರೆಗಳನ್ನೂ ಮಾತನಾಡಬಹುದೆಂದು ಮಗು ಮೊದಲು ಕಿವಿಯಾರೆ ಕೇಳಬೇಕಷ್ಟೆ.

ಇನ್ನೊಂದು ಕೆಲಸವನ್ನು ತಡಮಾಡುವಂತಿಲ್ಲ. 1956ರಲ್ಲಿ ಹತ್ತು ವರ್ಷದವರಾಗಿದ್ದವರು ಈಗ ಎಂಬತ್ತರ ಆಸುಪಾಸಿನಲ್ಲಿದ್ದಾರೆ. ಉರ್ದು ಬೆರೆತ ಅವರ ಬೀದರ, ರಾಯಚೂರು ಕಡೆಯ ಕನ್ನಡ ಪಠ್ಯಪುಸ್ತಕದಲ್ಲಿ ಸಿಕ್ಕುವಂಥದಲ್ಲ. ಅದನ್ನು ಮುದ್ರಿಸಲು ಈಗ ಕೇಂದ್ರವಾಗಲಿ ಸರ್ಕಾರವಾಗಲಿ ಬೇಕಿಲ್ಲ. ಜೇಬಿನ ಫೋನು ಸಾಕು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದ ಒಂದು ಕೋಣೆಯಲ್ಲಿಯಾಗಲಿ, ನಮ್ಮ ನಮ್ಮ ಪಡಸಾಲೆಯಲ್ಲಿಯಾಗಲಿ, ಫ್ಯಾನು ಆರಿಸಿ ಹಿರಿಯರನ್ನು ಕೂರಿಸಬೇಕು. ಮೊದಲ ಪ್ರಶ್ನೆಯನ್ನು ಮೊಮ್ಮಕ್ಕಳಿಂದಲೇ, ಕನ್ನಡದಲ್ಲಿಯೇ ಕೇಳಿಸಬೇಕು.