ಐದು ಒತ್ತೋ, ಏಳು ಒತ್ತೋ?

ಕೇಂದ್ರ ಸರ್ಕಾರದ ಗುಮಾಸ್ತನಾದ ನಾನು ಅಹಮದಾಬಾದಿನ ಕಛೇರಿಯಲ್ಲಿ ಹಿಂದಿ ಬೆರಳಚ್ಚು ಕಲಿತವನು. ಒಂದು ಸಂಜೆ ಮನೆಯ ಗಣಕಯಂತ್ರವನ್ನು ಕನ್ನಡಕ್ಕೆ ಬದಲಿಸಿ, ಹಿಂದಿಯ ‘ಕ’ ಇದ್ದ ಕೀಲಿಯನ್ನೇ ಒತ್ತಿದೆ. ನಮ್ಮ ‘ಕ’ ಮೂಡಿತು! ಗುಜರಾತಿಗೂ ಅದೇ ಕೀಲಿ. ಈ ಅಚ್ಚರಿಯ ಹಿಂದೆ ಸ್ವಾರಸ್ಯವಾದ ಇತಿಹಾಸವಿದೆ.

ಬೆರಳಚ್ಚು ಯಂತ್ರದಲ್ಲಿ ಕೀಲಿಗಳು ಕೆಲವೇ. ನಮ್ಮ ಗುಣಿತಾಕ್ಷರ, ಒತ್ತಕ್ಷರಗಳೋ ನೂರಾರು. ಆದ್ದರಿಂದ ಅಕ್ಷರವನ್ನು ತಲೆಕಟ್ಟು, ಕೊಂಬು, ಒತ್ತು ಎಂದು ಬಿಡಿಸಿ, ತುಂಡುತುಂಡಾಗಿ ಜೋಡಿಸಬೇಕಾಗಿತ್ತು. ಯಂತ್ರ ಸರಳವಾಯಿತು, ಕಷ್ಟವೆಲ್ಲ ಬೆರಳಿನ ಪಾಲಿಗೆ ಬಂತು. ಗಣಕಯಂತ್ರವು ಈ ಹೊರೆಯನ್ನು ತಾನೇ ಹೊತ್ತಿತು. ಉಚ್ಚಾರದ ಕ್ರಮದಲ್ಲಿ ಒತ್ತಿದರೆ ಸಾಕು, ಆಕಾರ ಕೊಡುವುದು ಅದರ ಕೆಲಸ.

ಆದರೆ ಯಾವ ಕೀಲಿಗೆ ಯಾವ ಅಕ್ಷರ? 1986ರಲ್ಲಿ ಭಾರತ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆಯು ‘ಇನ್‌ಸ್ಕ್ರಿಪ್ಟ್’ ಎಂಬ ವಿನ್ಯಾಸವನ್ನು ಗೊತ್ತುಮಾಡಿತು. ಎಡಗೈಗೆ ಸ್ವರ, ಬಲಗೈಗೆ ವ್ಯಂಜನ. ಭಾರತದ ಲಿಪಿಗಳಿಗೆಲ್ಲ ಒಂದೇ ಏರ್ಪಾಡು. ಕಿನ್ನಿಕಂಬಳ ಪದ್ಮನಾಭ ರಾಯರು, ಅಂದರೆ ಕೆ. ಪಿ. ರಾವ್ ಅವರು, ಇಂಗ್ಲಿಷಿನ 26 ಕೀಲಿಗಳಲ್ಲೇ ಕನ್ನಡ ವರ್ಣಮಾಲೆಯನ್ನು ಅಳವಡಿಸಿದರು. ಕರ್ನಾಟಕ ಸರ್ಕಾರ ಇದನ್ನು ಒಪ್ಪಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯೂ ಇದನ್ನು ಅನುಸರಿಸಿತು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ ಬಂತು. ಇಲ್ಲಿ ಕಲಿಯುವುದೇ ಬೇಡ. ಇಂಗ್ಲಿಷ್ ಅಕ್ಷರಗಳಲ್ಲಿ ಉಚ್ಚಾರವನ್ನು ಬರೆದರೆ ಕನ್ನಡವಾಗುತ್ತದೆ. ಪರನಾಡಿನ ಕನ್ನಡಿಗರಿಗೆ ಅದು ಮಾಡಿದ ಉಪಕಾರ ಸಣ್ಣದಲ್ಲ.

ಲೆಕ್ಕ ಹಾಕಿ ನೋಡೋಣ. ‘ಕನ್ನಡ’ ಎಂದು ಬರೆಯಲು ‘ಬರಹ’ದ ಉಚ್ಚಾರ ಕ್ರಮದಲ್ಲಿ 7 ಒತ್ತು, ರಾಯರ ವಿನ್ಯಾಸದಲ್ಲಿಯೂ ಇನ್‌ಸ್ಕ್ರಿಪ್ಟಿನಲ್ಲಿಯೂ 5. ಮೊದಲ ದಿನ ಸುಲಭವಾದದ್ದು ದಿನವೂ ಎರಡು ಒತ್ತಿನ ಸುಂಕ ಕೇಳುತ್ತದೆ. ಮೊದಲ ವಾರ ಕಾಡುವುದು ಆಮೇಲೆ ಬೆರಳಿಗೆ ಬಲ ಕೊಡುತ್ತದೆ.

ನನಗೆ ಒತ್ತುಗಳ ಲೆಕ್ಕಕ್ಕಿಂತ ದೊಡ್ಡ ಚಿಂತೆ ಬೇರೆ. ನನ್ನ ಮಗಳು ಗುಜರಾತಿ ಓದಬಲ್ಲಳು, ಕನ್ನಡ ಮಾತಾಡಬಲ್ಲಳು. ಕನ್ನಡ ಅಕ್ಷರ ಬಾರದು. ಊರಿನ ಅಜ್ಜಿಗೆ ಇಂಗ್ಲಿಷ್ ಅಕ್ಷರಗಳ ಮೂಲಕ ಕಾಗದ ಬರೆದಳು. ಪರದೆಯ ಮೇಲೆ ಕನ್ನಡ ಬಂತು, ಬರೆದವಳಿಗೇ ಓದಲಾಗಲಿಲ್ಲ! ಈಗ ಅವಳಿಗೆ ಇನ್‌ಸ್ಕ್ರಿಪ್ಟ್ ಹೇಳಿಕೊಡುತ್ತಿದ್ದೇನೆ. ಗುಜರಾತಿಯ ಕೀಲಿಯಲ್ಲೇ ಕನ್ನಡದ ಅಕ್ಷರವನ್ನು ಗುರುತಿಸುತ್ತಾಳೆ. ಗುಜರಾತಿಯಲ್ಲಿಲ್ಲದ ನಮ್ಮ ಹ್ರಸ್ವ ‘ಎ’, ‘ಒ’ಗಳಿಗೆ ಮಾತ್ರ ಇನ್ನೂ ತಡವರಿಸುತ್ತಾಳೆ.

ವಡೋದರಾ, ಸೂರತ್‌ನ ಬಂಧುಗಳೇ, ನಿಮ್ಮ ಮಕ್ಕಳಿಗೂ ಗುಜರಾತಿ ಬರುತ್ತದಲ್ಲವೆ? ಹಾಗಿದ್ದರೆ ಕನ್ನಡದ ಅರ್ಧ ದಾರಿ ಅವರ ಬೆರಳಿಗೆ ಆಗಲೇ ಗೊತ್ತಿದೆ. ಉಳಿದರ್ಧ ನಾವು ಕಲಿಸಬೇಕು.